ಕೊನೆಯ ಸ್ಥಾನಕ್ಕೆ ಬಂದ ಮಾವ

ಒಂದು ಎಂದು ಒತ್ತಬೇಕಾಗಿದ್ದ ಕಡೆ ಮೂರು ಎಂದು ಒತ್ತಿದ್ದು, ಅಷ್ಟೇ. ಆ ದಿನ ಬೆಳಿಗ್ಗೆ ಪಟ್ಟಿರಾಯರು ಮಾಡಿದ ತಪ್ಪು ಅದಕ್ಕಿಂತ ಎಳ್ಳಷ್ಟೂ ದೊಡ್ಡದಾಗಿರಲಿಲ್ಲ.

ಪಟ್ಟಿರಾಯ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಿಸ್ಕತ್ತು ಕಾರ್ಖಾನೆಯ ಮಹಡಿಯ ಮೇಲೆ ಸಂಖ್ಯಾಶಾಸ್ತ್ರ ವಿಭಾಗ ಎಂದು ಬೋರ್ಡು ಹಾಕಿದ್ದ ಕೋಣೆಯೊಂದಿತ್ತು. ಆ ವಿಭಾಗದಲ್ಲಿ ಇದ್ದದ್ದು ಒಂದು ಮೇಜು, ಒಂದು ಕಂಪ್ಯೂಟರು, ಒಂದು ಕಾಲು ಗಿಡ್ಡವಾದ ಕುರ್ಚಿ ಮತ್ತು ಇವರು. ಯಾರು ಬಂದು ಏನು ಕೇಳಿದರೂ ಇವರ ಉತ್ತರ ಒಂದೇ: "ಅದಕ್ಕೇನಂತೆ, ಒಂದು ಪಟ್ಟಿ ಮಾಡಿಬಿಡ್ತೀನಿ." ಹಾಗಾಗಿ ಪಟ್ಟಿರಾಯರು. ಕೆಲಸ ಕೊಡಿಸಿದ್ದು ಅವರ ಹೆಂಡತಿಯ ತಂದೆ. ಅವರು ಅದೇ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಒಲೆ ಮೇಸ್ತ್ರಿ. ಆ ದೊಡ್ಡ ಒಲೆಯ ಮುಂದೆ ನಿಂತು ನಿಂತು ಅವರ ಮುಖವೂ ಚೆನ್ನಾಗಿ ಬೆಂದ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಮಾತು ಕಡಿಮೆ. ನಗು ಅದಕ್ಕಿಂತ ಕಡಿಮೆ.

ಯಜಮಾನರು ಹೊಸದಾಗಿ ಆರು ಬಗೆಯ ಬಿಸ್ಕತ್ತು ಮಾಡಿಸಿದ್ದರು. ಆರರಲ್ಲಿ ಯಾವುದನ್ನು ಮಾರುಕಟ್ಟೆಗೆ ಬಿಡಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನವಾಗಬೇಕಿತ್ತು. ಅದಕ್ಕಾಗಿ ಒಲೆ ಮೇಸ್ತ್ರಿ, ಟೈಪಿಸ್ಟು, ಡ್ರೈವರು ಹೀಗೆ ಕಾರ್ಖಾನೆಯ ಆರು ಜನರನ್ನು ಕೂರಿಸಿ, ಒಂದೊಂದು ಬಿಸ್ಕತ್ತಿಗೂ ಸಿಹಿ, ಗರಿಗರಿ, ಪರಿಮಳ, ಬಣ್ಣ, ಬಾಯಲ್ಲಿ ಕರಗುವ ಗುಣ ಎಂದು ಐದು ವಿಷಯಗಳಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ ಬರೆಸಿಕೊಂಡಿದ್ದರು. ಆರು ಬಿಸ್ಕತ್ತು, ಐದು ಗುಣ, ಆರು ಜನ. ಒಟ್ಟು ನೂರ ಎಂಬತ್ತು ಅಂಕ.

ಈ ಅಂಕಗಳನ್ನು ಪಟ್ಟಿರಾಯರು ಮೊದಲು ಪಟ್ಟಿಗಳಾಗಿ ಕಂಪ್ಯೂಟರಿಗೆ ತುಂಬಿದರು. ಪಟ್ಟಿ ಎಂದರೆ ಸಂತೆಗೆ ಒಯ್ಯುವ ಚೀಲ ಇದ್ದ ಹಾಗೆ. ಅಂಕಿ ಹಾಕಿ, ಹೆಸರು ಹಾಕಿ, ಬೈಗುಳ ಹಾಕಿ, ಬೇಡ ಅನ್ನುವುದಿಲ್ಲ. ಆಮೇಲೆ ಆ ಆರು ಪಟ್ಟಿಗಳನ್ನು ಸೇರಿಸಿ, ಕಂಪ್ಯೂಟರಿನವರ ಭಾಷೆಯಲ್ಲಿ ಅರೇ ಎನ್ನುವುದೊಂದನ್ನು ಕಟ್ಟಿದರು. ಅರೇ ಹಾಗಲ್ಲ. ಅದು ಸಮನಾದ ಖಾನೆಗಳಿರುವ ಕಪಾಟು. ಅಡ್ಡಕ್ಕೆ ಬಿಸ್ಕತ್ತು, ಉದ್ದಕ್ಕೆ ಗುಣ, ಹಿಂದಕ್ಕೆ ರುಚಿ ನೋಡಿದವರು. ಯಾವ ಖಾನೆಯಲ್ಲಿ ಕೈಯಿಟ್ಟರೂ ಒಂದು ಅಂಕ ಸಿಗಬೇಕು. ಉಗ್ರಾಣದ ಸ್ಟೋರ್ ಕೀಪರು ಒಮ್ಮೆ "ಮೇಲೆ ಕೂತು ಏನ್ರೀ ಮಾಡ್ತೀರಿ ಇಡೀ ದಿನ?" ಎಂದು ಕೇಳಿದಾಗ ಇವರು "ಅರೇ!" ಎಂದಿದ್ದರು. ಸ್ಟೋರ್ ಕೀಪರು "ಅದರಲ್ಲಿ ಆಶ್ಚರ್ಯ ಪಡೋದೇನಿದೆ, ಕೆಲಸ ಏನು ಹೇಳ್ರೀ" ಎಂದು ಅರ್ಧ ಗಂಟೆ ನಿಂತಿದ್ದರು.

ಕಪಾಟು ಸಿದ್ಧವಾದ ಮೇಲೆ ಉಳಿಯುವುದು ಸಣ್ಣ ಕೆಲಸ. ಮೊದಲನೆಯ ದಿಕ್ಕನ್ನು ಉಳಿಸಿಕೊಂಡು ಒಂದೊಂದು ಗುಣಕ್ಕೂ ಸರಾಸರಿ ತೆಗೆ ಎಂದರೆ ಬಿಸ್ಕತ್ತುಗಳ ಫಲಿತಾಂಶ ಬರುತ್ತದೆ. ಮೂರನೆಯ ದಿಕ್ಕನ್ನು ಉಳಿಸಿಕೋ ಎಂದರೆ ಅಂಕ ಕೊಟ್ಟ ಮನುಷ್ಯರ ಸರಾಸರಿ ಬರುತ್ತದೆ. ಅತ್ತ ಟೀ ಬಂತು ಎಂದು ಕೆಳಗಿನಿಂದ ಯಾರೋ ಕೂಗಿದರು. ಪಟ್ಟಿರಾಯರ ಕಣ್ಣು ಬಾಗಿಲ ಕಡೆ ಹೊರಳಿತು, ಬೆರಳು ಮೂರರ ಮೇಲೆ ಬಿತ್ತು. ರುಚಿ ನೋಡಿದವರು ಏಳು ಜನ ಇದ್ದಿದ್ದರೆ ನೋಟೀಸಿನ ನಮೂನೆಯಲ್ಲಿದ್ದ ಆರು ಗೆರೆಗೆ ಹೊಂದದೆ ಕಂಪ್ಯೂಟರು ತಗಾದೆ ತೆಗೆಯುತ್ತಿತ್ತು. ಅಲ್ಲೂ ಆರು, ಇಲ್ಲೂ ಆರು. ಅದು ಜಾಣಮರಿಯ ಹಾಗೆ ಆರು ಹೆಸರನ್ನು ತಾನೇ ತುಂಬಿ, ಕೆಳಗೆ ಟೈಪಿಸ್ಟಿನ ಮೇಜಿನ ಪಕ್ಕದಲ್ಲಿದ್ದ ಪ್ರಿಂಟರಿಗೆ ಕಳಿಸಿಬಿಟ್ಟಿತು. ಪಟ್ಟಿರಾಯರು ಅದರ ಮೇಲೆ ಕಣ್ಣು ಕೂಡ ಆಡಿಸದೆ ಟೀಗೆ ಹೋದರು.

ಟೈಪಿಸ್ಟು ಶಿಸ್ತಿನ ಹೆಣ್ಣುಮಗಳು. ಪಟ್ಟಿ ಬಂದ ತಕ್ಷಣ ನೋಟೀಸು ಬೋರ್ಡಿಗೆ ಹಾಕು ಎಂದು ಯಜಮಾನರು ಹಿಂದಿನ ದಿನವೇ ಹೇಳಿ, ನಮೂನೆಯ ಹಾಳೆಗೆ ಮೊದಲೇ ಸಹಿ ಹಾಕಿಕೊಟ್ಟು ಹೊರಗೂರಿಗೆ ಹೋಗಿದ್ದರು. ಆಕೆ ಹಾಕಿದಳು. ಗಾಜಿನ ಬಾಗಿಲು ಮುಚ್ಚಿ ಬೀಗ ಹಾಕಿ, ಕೀಲಿಯನ್ನು ನಿಯಮದಂತೆ ಸ್ಟೋರ್ ಕೀಪರಿಗೆ ಕೊಟ್ಟಳು. ಆಮೇಲೆ ಓದಿದಳು.

ಪಟ್ಟಿರಾಯರು ಎರಡನೆಯ ಗುಟುಕು ಟೀ ಕುಡಿಯುವಷ್ಟರಲ್ಲಿ ಆಕೆ ಎದುರಿಗೆ ಬಂದು ನಿಂತಿದ್ದಳು.

"ಏನ್ ಸಾರ್ ಇದು? ನನಗೆ ಪರಿಮಳಕ್ಕೆ ಆರು ಹಾಕಿದೀರಿ? ನಾನು ದಿನಾ ಸ್ನಾನ ಮಾಡ್ಕೊಂಡೇ ಬರ್ತೀನಿ!"

"ನಿಮಗೆ ಯಾರಮ್ಮ ಅಂಕ ಹಾಕಿದ್ದು?"

"ಬೋರ್ಡಲ್ಲಿ ಇದೆಯಲ್ಲ. ಟೈಪಿಸ್ಟು, ಎರಡನೇ ಸ್ಥಾನ, ಸಿಹಿ ಎಂಟು, ಪರಿಮಳ ಆರು. ಸಿಹಿಗೆ ಎಂಟು ಕೊಟ್ಟಿದ್ದು ನಿಮ್ಮ ದೊಡ್ಡ ಮನಸ್ಸು. ಆದರೆ ಪರಿಮಳ?"

ಪಟ್ಟಿರಾಯರು ಟೀ ಕಪ್ಪು ಬಿಟ್ಟು ಓಡಿದರು.

ಬೋರ್ಡಿನ ಮುಂದೆ ಸಕ್ಕರೆ ಚೆಲ್ಲಿದಲ್ಲಿ ಇರುವೆ ಮುತ್ತಿದ ಹಾಗೆ ಜನ ಮುತ್ತಿದ್ದರು. ನೋಟೀಸಿನ ಮೇಲ್ಭಾಗ ಯಜಮಾನರೇ ಹೇಳಿ ಬರೆಸಿದ್ದು: "ರುಚಿ ಪರೀಕ್ಷೆಯ ಫಲಿತಾಂಶ. ಮೊದಲ ಸ್ಥಾನ ಪಡೆದದ್ದಕ್ಕೆ ಹೊಸ ಬಣ್ಣದ ಹೊದಿಕೆ ಹಾಕಲಾಗುವುದು. ನಡುವಿನವನ್ನು ಇನ್ನೂ ಎರಡು ನಿಮಿಷ ಕಾಯಿಸಿ ನೋಡಲಾಗುವುದು. ಕೊನೆಯ ಸ್ಥಾನ ಪಡೆದದ್ದನ್ನು ನಾಳೆಯಿಂದ ನಿಲ್ಲಿಸಲಾಗುವುದು." ಕೆಳಗೆ ಸಾಲಾಗಿ ಆರು ಹೆಸರು. ಅತ್ಯಂತ ಮೇಲೆ ಡ್ರೈವರು, ಎಲ್ಲ ಗುಣಕ್ಕೂ ಹತ್ತಕ್ಕೆ ಹತ್ತು. ಅವನು ರುಚಿ ನೋಡುವ ದಿನ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದ. ಹಸಿದವನಿಗೆ ಆರೂ ಬಿಸ್ಕತ್ತು ಅಮೃತವಾಗಿ, ಆರಕ್ಕೂ ಹತ್ತು ಸುರಿದಿದ್ದ. ಅತ್ಯಂತ ಕೆಳಗೆ ಒಲೆ ಮೇಸ್ತ್ರಿ: ಸಿಹಿ ಎರಡು, ಗರಿಗರಿ ಮೂರು, ಪರಿಮಳ ಒಂದು. ಅವರು ಯಾವ ಬಿಸ್ಕತ್ತನ್ನೂ ಹೊಗಳಿದವರಲ್ಲ.

"ಹೊಸ ಬಣ್ಣದ ಹೊದಿಕೆ ಅಂದ್ರೆ ಯೂನಿಫಾರಂ ಅಲ್ವಾ ಸಾರ್?" ಡ್ರೈವರು ಹಲ್ಲು ಬಿಟ್ಟು ಕೇಳಿದ. "ನೀಲಿ ಕೊಡ್ಸಿ. ಖಾಕಿ ಹಾಕಿ ಹಾಕಿ ಬೇಜಾರಾಗಿದೆ."

ಮೂರನೆಯ ಸ್ಥಾನಕ್ಕೆ ಬಂದಿದ್ದ ಸ್ಟೋರ್ ಕೀಪರಿನ ಮುಖ ಕೆಂಪಗಾಗಿತ್ತು. "ಎರಡು ನಿಮಿಷ ಕಾಯಿಸ್ತಾರಂತೆ! ನನ್ನನ್ನ! ಯಾರ್ರೀ ಕಾಯಿಸೋರು? ಬರಲಿ ನೋಡೋಣ!"

"ಇದು ನಿಮ್ಮ ಫಲಿತಾಂಶ ಅಲ್ಲಾರೀ, ಬಿಸ್ಕತ್ತಿಂದು," ಎಂದರು ಪಟ್ಟಿರಾಯರು. "ದಿಕ್ಕು ತಪ್ಪಿದೆ ಅಷ್ಟೇ. ಒಂದನೇ ದಿಕ್ಕು ಹೋಗಿ ಮೂರನೇ ದಿಕ್ಕು ಆಗಿದೆ."

"ಯಾವ ದಿಕ್ಕಾದ್ರೂ ಇರ್ಲಿ, ಹೆಸರು ನಂದೇ ತಾನೇ ಇರೋದು?"

ಅಷ್ಟರಲ್ಲಿ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಲೆ ಮೇಸ್ತ್ರಿ ಬಂದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮೇಲಿನಿಂದ ಕೆಳಗಿನವರೆಗೆ ಓದಿದರು. ಕೆಳಗೆ ಬಂದಾಗ ಅವರ ತುಟಿ ಸಣ್ಣಗೆ ನಡುಗಿತು. ಕೆನ್ನೆ ಬಿಗಿಯಿತು. ಅಳಿಯನ ಮುಖವನ್ನು ಒಮ್ಮೆ ನೋಡಿ ಸರಸರನೆ ಒಳಗೆ ನಡೆದರು.

"ಮಾವ! ಒಂದ್ನಿಮಿಷ, ಮಾವ!"

"ಕಣ್ಣಲ್ಲಿ ನೀರಿತ್ತು ಪಾಪ," ಎಂದಳು ಟೈಪಿಸ್ಟು. "ಸ್ವಂತ ಮಾವನಿಗೆ ಪರಿಮಳಕ್ಕೆ ಒಂದು ಕೊಡೋ ಅಳಿಯನ್ನ ನಾನು ಇವತ್ತೇ ನೋಡಿದ್ದು."

ಪಟ್ಟಿರಾಯರು ಲೆಕ್ಕ ಹಾಕಿದರು. ಮೊದಲು ನೋಟೀಸು ತೆಗೆಯಬೇಕು, ಆಮೇಲೆ ಮಾವನ ಕಾಲು ಹಿಡಿಯಬೇಕು. "ಕೀಲಿ ಕೊಡಿ" ಎಂದು ಸ್ಟೋರ್ ಕೀಪರಿನ ಮುಂದೆ ಕೈಚಾಚಿದರು.

"ಕೊಡಲ್ಲ. ಯಜಮಾನ್ರು ಸಹಿ ಹಾಕಿರೋ ನೋಟೀಸನ್ನ ಯಜಮಾನ್ರ ಸಹಿ ಇಲ್ದೆ ತೆಗೆಯೋ ಹಾಗಿಲ್ಲ. ನಿಯಮ. ಅವರು ಮಧ್ಯಾಹ್ನ ಮೂರಕ್ಕೆ ಬರ್ತಾರೆ."

"ಹಾಗಾದ್ರೆ ಸರಿಯಾದ ಪಟ್ಟಿ ಈಗ್ಲೇ ತೆಗೆದು ಪಕ್ಕದಲ್ಲಿ ಅಂಟಿಸ್ತೀನಿ. ಒಂದೇ ಒಂದು ಅಂಕಿ ಬದಲಾಯಿಸಿದ್ರೆ ಆಯ್ತು."

ನಿಜಕ್ಕೂ ಅಷ್ಟೇ ಇತ್ತು. ಮೂರು ಅಳಿಸಿ ಒಂದು ಒತ್ತುವುದು. ಪಟ್ಟಿರಾಯರು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ, ಕುರ್ಚಿಯ ಅಂಚಿನಲ್ಲಿ ಕೂತು, ಬೆರಳು ಎತ್ತಿದರು. ಕಂಪ್ಯೂಟರು ಕಣ್ಣು ಮುಚ್ಚಿತು. ಫ್ಯಾನು ನಿಂತಿತು. ಇಡೀ ಕಾರ್ಖಾನೆಯ ಗುರ್ ಎನ್ನುವ ಸದ್ದು ಅಡಗಿ, ಹೊರಗೆ ಕಾಗೆ ಕೂಗುವುದು ಕೇಳಿಸಿತು.

ಡ್ರೈವರು ಮೆಟ್ಟಿಲ ಬುಡದಿಂದ ಕೂಗಿದ: "ಸಾರ್, ನಿಮ್ಮ ಮಾವ ಮೇನ್ ಸ್ವಿಚ್ಚು ಕೆಳಗಿಳಿಸಿಬಿಟ್ರು! ನನ್ನ ನಿಲ್ಲಿಸಿದ ಮೇಲೆ ಒಲೆನೂ ನಿಲ್ಲಲಿ ಅಂದ್ರು. ಏಪ್ರನ್ನು ಗೂಟಕ್ಕೆ ಹಾಕಿ ಹೊರಟೇಹೋದ್ರು!"

ಡ್ರೈವರೇ ಹೋಗಿ ಸ್ವಿಚ್ಚು ಮೇಲೆತ್ತಿದ. ಕಂಪ್ಯೂಟರು ಕಣ್ಣು ಬಿಟ್ಟಿತು. ಆದರೆ ನಿದ್ದೆಯಿಂದೆದ್ದ ಮಗುವಿನ ಹಾಗೆ ಅದಕ್ಕೆ ಹಿಂದಿನದು ಯಾವುದೂ ನೆನಪಿರಲಿಲ್ಲ. ಪಟ್ಟಿಗಳಿಲ್ಲ, ಅರೇ ಇಲ್ಲ. "ಎಲ್ಲಾ ಮತ್ತೆ ತುಂಬಬೇಕಲ್ಲಪ್ಪಾ!" ಎಂದು ಡ್ರೈವರಿಗೆ ಗೋಳು ಹೇಳಿಕೊಂಡರು. ಟೀ ಕುಡಿದು ಬಂದ ಮೇಲೆ ಉಳಿಸಿದರಾಯಿತು ಎಂದುಕೊಂಡಿದ್ದರು ಪಟ್ಟಿರಾಯರು.

ತಲೆಯ ಮೇಲೆ ಕೈಹೊತ್ತು ಒಂದು ಗಂಟೆ ಕೂತಿದ್ದಾಗ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಅಪ್ಪ ಬಂದಿದಾರೆ. ಪೆಟ್ಟಿಗೆ ತಗೊಂಡು ಬಂದಿದಾರೆ. ನಿನ್ನ ಗಂಡ ನನ್ನನ್ನ ನಿಲ್ಲಿಸಿದ ಅಂತ ಒಂದೇ ಮಾತು ಹೇಳಿ ನಿಮ್ಮ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದಾರೆ. ಊಟಕ್ಕೆ ಕರೆದ್ರೂ ಉತ್ತರ ಇಲ್ಲ. ಭುಜ ಕುಲುಕ್ತಾ ಇದೆ. ಏನ್ ಮಾಡಿದ್ರಿ ನೀವು?"

"ನಾನೇನೂ ಮಾಡಿಲ್ಲ ಕಣೇ. ಒಂದು ಅಂತ ಒತ್ತೋ ಕಡೆ ಮೂರು..."

"ಆ ಒಂದು, ಮೂರು ಎಲ್ಲ ನಂಗೆ ಗೊತ್ತಿಲ್ಲ. ಸಂಜೆ ಒಳಗೆ ಅಪ್ಪನ ಕೆಲಸ ವಾಪಸ್ ಬರ್ಬೇಕು. ಇಲ್ಲಾಂದ್ರೆ ನೀವೂ ಆ ಕಾರ್ಖಾನೇಲೇ ಮಲಗಿ."

ಉಳಿದದ್ದು ಒಂದೇ ದಾರಿ. ಆರು ಜನ ಬರೆದ ಕಾಗದಗಳು ಕೆಳಗೆ ಟೈಪಿಸ್ಟಿನ ಟ್ರೇಯಲ್ಲಿದ್ದವು. ಅವನ್ನು ತಂದು ನೂರ ಎಂಬತ್ತು ಅಂಕಗಳನ್ನು ಮತ್ತೆ ಒಂದೊಂದಾಗಿ ತುಂಬುವುದು. ಪಟ್ಟಿರಾಯರು ಇಳಿದು ಬಂದರು. ಟ್ರೇ ಖಾಲಿ ಇತ್ತು.

"ಅವರವರ ಕಾಗದ ಅವರವರು ತಗೊಂಡ್ರು," ಎಂದಳು ಟೈಪಿಸ್ಟು, ರಬ್ಬರಿನಿಂದ ಏನನ್ನೋ ಉಜ್ಜುತ್ತ. "ಮತ್ತೆ ತುಂಬ್ತೀರಂತಲ್ಲ, ಡ್ರೈವರ್ ಹೇಳ್ದ. ಸಣ್ಣಪುಟ್ಟ ತಪ್ಪಿದ್ರೆ ಸರಿ ಮಾಡಿ ಕೊಡ್ತೀವಿ."

"ಅಯ್ಯೋ, ಅದು ನೀವು ಬಿಸ್ಕತ್ತಿಗೆ ಕೊಟ್ಟ ಅಂಕ ಕಣಮ್ಮ! ಅದನ್ನ ಮುಟ್ಟಬಾರ್ದು!"

"ಬಿಸ್ಕತ್ತಿಗೆ ಅಂತ ಹೇಳಿ ನಮ್ಮ ತಲೆ ಮೇಲೆ ಹಾಕಿದೋರು ನೀವೇ ತಾನೇ? ಈ ಸಲ ನಾವು ಹುಷಾರು."

ಒಬ್ಬೊಬ್ಬರ ಹಿಂದೆ ಓಡಾಡಿ ಕಾಗದ ವಸೂಲಿ ಮಾಡುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡೂವರೆ. ವಾಚ್‌ಮನ್ನಿನ ಕಾಗದದಲ್ಲಿ ಎಲ್ಲವೂ ಹತ್ತು. ಪ್ಯಾಕಿಂಗ್ ವಿಭಾಗದ ಅಕ್ಕನದೂ ಹತ್ತು. ಸ್ಟೋರ್ ಕೀಪರು ಎರಡು ಕಡೆ ಹನ್ನೊಂದು ಬರೆದಿದ್ದರು. ಹತ್ತಕ್ಕಿಂತ ಜಾಸ್ತಿ ಆಗಲ್ಲ ಎಂದು ಹೇಳಿದ್ದಕ್ಕೆ ಬಲು ಬೇಸರದಿಂದ ತಿದ್ದಿಕೊಟ್ಟರು.

"ಮಾವನ ಕಾಗದ ಎಲ್ಲಿ?" ಎಂದರು ಪಟ್ಟಿರಾಯರು. ಅದೊಂದಾದರೂ ಯಾರ ಕೈಗೂ ಸಿಗದೆ ಉಳಿದಿದ್ದರೆ ಸಾಕು ಎಂದು ಅವರ ಆಸೆ.

ಸ್ಟೋರ್ ಕೀಪರು ಜೇಬಿನಿಂದ ತೆಗೆದು ಕೊಟ್ಟರು. ಅದರಲ್ಲೂ ಮೂವತ್ತು ಹತ್ತುಗಳು, ಹಸಿರು ಇಂಕಿನಲ್ಲಿ.

"ನಾನೇ ಬರೆದೆ," ಎಂದರು ಅವರು, ದನಿ ತಗ್ಗಿಸಿ. "ವಯಸ್ಸಾದೋರು. ಮೂವತ್ತೊಂದು ವರ್ಷ ಬೆಂಕಿ ಮುಂದೆ ನಿಂತವರನ್ನ ಹೀಗೆ ಕಳಿಸಬಾರ್ದು ರೀ. ನಂದು ಎರಡು ಅಂಕ ಕಮ್ಮಿ ಆದ್ರೂ ಪರವಾಗಿಲ್ಲ, ಅವರದು ಕಮ್ಮಿ ಮಾಡ್ಬೇಡಿ."

ಬೈಯಲು ಬಾಯಿ ತೆರೆದಿದ್ದ ಪಟ್ಟಿರಾಯರು ಕಾಗದಗಳನ್ನು ಎದೆಗವಚಿಕೊಂಡು ಮೇಲೆ ಹೋದರು.

ಮಧ್ಯಾಹ್ನದ ಊಟ ಬಿಟ್ಟು ತುಂಬಿದರು. ಹತ್ತು, ಹತ್ತು, ಹತ್ತು. ಎಲ್ಲ ಮುಳ್ಳೂ ಹತ್ತರ ಮೇಲೇ ನಿಂತ ಗಡಿಯಾರದ ಅಂಗಡಿಯಲ್ಲಿ ಕೂತ ಹಾಗಿತ್ತು. ಆರು ಪಟ್ಟಿಗಳನ್ನು ಸೇರಿಸಿ ಅರೇ ಕಟ್ಟಿ, ಈ ಸಲ ಕಣ್ಣಲ್ಲಿ ಕಣ್ಣಿಟ್ಟು ಒಂದು ಎಂದೇ ಒತ್ತಿದರು. ಕಂಪ್ಯೂಟರು ಸರಾಸರಿ ತೆಗೆಯಲು ಒಪ್ಪಲಿಲ್ಲ. ಹುಡುಕಿ ಹುಡುಕಿ ಕಣ್ಣು ಉರಿಯತೊಡಗಿದಾಗ ಸಿಕ್ಕಿತು: ಟೈಪಿಸ್ಟು ಒಂದು ಖಾನೆಯಲ್ಲಿ ಅಂಕಿಯ ಬದಲು ಅಕ್ಷರದಲ್ಲಿ 'ಹತ್ತು' ಎಂದು ಬರೆದಿದ್ದಳು, ಇವರೂ ಕಂಡದ್ದನ್ನು ಕಂಡ ಹಾಗೆ ಹಾಕಿದ್ದರು. ಅರೇಯೊಳಗೆ ಒಂದು ಅಕ್ಷರ ನುಗ್ಗಿದರೂ ಸಾಕು, ಅಂಕಿಗಳೆಲ್ಲ ತಮ್ಮ ಕುಲಕಸುಬು ಬಿಟ್ಟು ಅಕ್ಷರಗಳ ವೇಷ ಹಾಕಿಬಿಡುತ್ತವೆ. ನೂರ ಎಂಬತ್ತೂ ಒಟ್ಟಿಗೆ. ಆ ಒಂದನ್ನು ತಿದ್ದಿ ಮತ್ತೆ ಒತ್ತುವಾಗ ಕೆಳಗೆ ಯಜಮಾನರ ಕಾರಿನ ಹಾರನ್ನು ಕೇಳಿಸಿತು.

ಫಲಿತಾಂಶ ಬಂತು. ಆರು ಬಿಸ್ಕತ್ತು, ಆರಕ್ಕೂ ಹತ್ತಕ್ಕೆ ಹತ್ತು, ಆರೂ ಮೊದಲ ಸ್ಥಾನ. ಕೊನೆಯ ಸ್ಥಾನ ಎನ್ನುವುದೇ ಇರಲಿಲ್ಲ.

ಪಟ್ಟಿರಾಯರು ಯಜಮಾನರ ಕೋಣೆಗೆ ಹೋದರು. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು ಎಂದು ಮೆಟ್ಟಿಲಿಳಿಯುವಾಗಲೇ ಗಟ್ಟಿ ಮಾಡಿಕೊಂಡಿದ್ದರು.

"ಸಾರ್, ಬೋರ್ಡಲ್ಲಿರೋದು ತಪ್ಪು. ನನ್ನದೇ ತಪ್ಪು. ಬಿಸ್ಕತ್ತಿನ ಫಲಿತಾಂಶ ಹೋಗೋ ಕಡೆ ಜನರದು ಹೋಗಿದೆ. ಯಾರನ್ನೂ ನಿಲ್ಲಿಸೋ ಹಾಗಿಲ್ಲ."

"ಅದಿರಲಿ. ಬಿಸ್ಕತ್ತಿಂದು ಏನಾಯ್ತು?" ಯಜಮಾನರು ಕುರ್ಚಿಯ ಅಂಚಿಗೆ ಬಂದರು. ಅವರ ಕಣ್ಣಿನ ಕೆಳಗೆ ಕಪ್ಪಗಾಗಿತ್ತು. "ಆರನೇ ನಂಬರ್ ಎಷ್ಟನೇ ಸ್ಥಾನ? ನಿಜ ಹೇಳಿ."

"ಮೊದಲನೇದು ಸಾರ್. ಹತ್ತಕ್ಕೆ ಹತ್ತು. ಆದರೆ..."

ಯಜಮಾನರು ದೀರ್ಘವಾಗಿ ಉಸಿರು ಬಿಟ್ಟರು. ಒಂದು ವಾರದಿಂದ ಹಿಡಿದಿಟ್ಟಿದ್ದ ಉಸಿರಿರಬೇಕು, ಮೇಜಿನ ಮೇಲಿನ ಕಾಗದ ಹಾರಿತು. "ಅದನ್ನ ನಾನೇ ಕಲಸಿದ್ದು ಕಣ್ರೀ. ನನ್ನ ಕೈಯಾರೆ. ಮನೇಲಿ ಒಬ್ಬರಿಗೂ ಹಲ್ಲಲ್ಲಿ ಮುರಿಯೋಕಾಗ್ಲಿಲ್ಲ. ಅದೇ ಕೊನೆಗೆ ಬರುತ್ತೆ, ಎಲ್ಲರೂ ನಗ್ತಾರೆ ಅಂತ ಊರು ಬಿಟ್ಟೇ ಹೋಗಿದ್ದೆ."

"ಆದರೆ ಸಾರ್, ಈ ಕಾಗದಗಳನ್ನ ಬೆಳಿಗ್ಗೆ ಎಲ್ಲರೂ..."

"ಆದರೆ ಗೀದರೆ ಏನೂ ಬೇಡ," ಯಜಮಾನರು ಕೈ ಎತ್ತಿದರು. "ಕಂಪ್ಯೂಟರ್ ಹೇಳಿದ ಮೇಲೆ ಮುಗೀತು. ಆರನ್ನೂ ಮಾರುಕಟ್ಟೆಗೆ ಬಿಡೋಣ. ಆ ನೋಟೀಸು ಕಿತ್ತುಹಾಕಿ, ಯಾರನ್ನೂ ನಿಲ್ಲಿಸಿಲ್ಲ ಅಂತ ಸಾರಿಬಿಡಿ. ನೀವು ಇವತ್ತು ಬೇಗ ಮನೆಗೆ ಹೋಗಿ. ಭಾರೀ ಕೆಲಸ ಮಾಡಿದೀರಿ."

ಪಟ್ಟಿರಾಯರಿಗೆ ತಲೆಯ ಮೇಲಿದ್ದ ಹಿಟ್ಟಿನ ಮೂಟೆ ಇಳಿಸಿದ ಹಾಗಾಯಿತು. ಸ್ಟೋರ್ ಕೀಪರು ತಾವಾಗಿಯೇ ಬೀಗ ತೆಗೆದರು. ಟೈಪಿಸ್ಟು ಹಳೆಯ ನೋಟೀಸನ್ನು ನಾಲ್ಕು ಚೂರು ಮಾಡಿ, ಪರಿಮಳ ಆರು ಇದ್ದ ಚೂರನ್ನು ಮತ್ತೆ ನಾಲ್ಕು ಮಾಡಿದಳು. ಯೂನಿಫಾರಂ ಇಲ್ಲ ಎಂದು ಡ್ರೈವರಿಗೆ ಒಬ್ಬನಿಗೇ ಸ್ವಲ್ಪ ಬೇಸರ. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಪಟ್ಟಿರಾಯರು ಹೊಸ ಫಲಿತಾಂಶದ ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಂಡು, ಬಿಸಿಲು ಇನ್ನೂ ಇರುವಾಗಲೇ ರಸ್ತೆಗಿಳಿದು, ಬಹಳ ದಿನದ ಮೇಲೆ ಸಿಳ್ಳೆ ಹಾಕುತ್ತ ಮನೆ ಸೇರಿದರು.

ಮಾವ ಮಂಚದ ಮೇಲೆ ಎದ್ದು ಕೂತು ಟೀ ಕುಡಿಯುತ್ತಿದ್ದರು. ಪಟ್ಟಿರಾಯರು ಸೀದಾ ಹೋಗಿ ಅವರ ಕಾಲ ಬಳಿ ಕೂತರು.

"ಮಾವ, ಕ್ಷಮಿಸ್ಬಿಡಿ. ನಿಮ್ಮನ್ನ ನಿಲ್ಲಿಸಿಲ್ಲ. ಎಲ್ಲಾ ಸರಿಹೋಗಿದೆ. ನಾಳೆಯಿಂದ ಧಾರಾಳವಾಗಿ ಒಲೆ ಹತ್ರ ಹೋಗ್ಬಹುದು. ಇಲ್ನೋಡಿ!"

ಮಾವ ಕಾಗದ ನೋಡಲಿಲ್ಲ. ಅಳಿಯನ ಮುಖ ನೋಡಿದರು. "ಸರಿ ಮಾಡಿಬಿಟ್ರಂತೆ. ಯಾಕೆ ಅಳಿಯಂದ್ರೇ?"

"ಅಂದ್ರೆ?"

"ನೋಟೀಸು ನೋಡಿದ ಕೂಡಲೇ ನನಗೆ ಗೊತ್ತಾಯ್ತು. ಆ ಡ್ರೈವರ್ ನನ್ನ ಪಕ್ಕದಲ್ಲೇ ಕೂತು ಎಲ್ಲಕ್ಕೂ ಹತ್ತು ಬರೆದಿದ್ದು ನಾನು ನೋಡಿದ್ದೆ. ನಾವು ಕೊಟ್ಟಿದ್ದು ನಮ್ಮ ತಲೆ ಮೇಲೇ ಬಂದಿದೆ ಅಂತ ತಿಳಿದುಕೊಳ್ಳೋಕೆ ಕಂಪ್ಯೂಟರ್ ಬೇಕಾ? ಮೂವತ್ತೊಂದು ವರ್ಷ ಆ ಕಾವಲ್ಲಿ ನಿಂತಿದೀನಿ. ಮೂರು ಸಲ ಬಿಡ್ತೀನಿ ಅಂದೆ. ಯಜಮಾನ್ರು ಬಿಡ್ಲಿಲ್ಲ. ನಿಮ್ಮತ್ತೆ, ಮನೇಲಿ ಕೂತು ನನ್ನ ತಲೆ ತಿಂತೀರಾ ಅಂದ್ಲು. ಇವತ್ತು ಅವರೇ ಸಹಿ ಹಾಕಿ ನಿಲ್ಲಿಸಿದ್ರು. ಇಂಥ ಅವಕಾಶ ಮತ್ತೆ ಸಿಗುತ್ತಾ ಅಂದ್ಕೊಂಡೆ."

"ಮತ್ತೆ ಬೋರ್ಡಿನ ಮುಂದೆ ಮುಖ ಹಾಗೆ ಮಾಡ್ಕೊಂಡ್ರಲ್ಲ? ಭುಜ ಕುಲುಕ್ತಾ ಇತ್ತು ಅಂದ್ಲಲ್ಲ ಇವಳು?"

"ನಗು ತಡ್ಕೊಂಡಿದ್ದೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಪಟ್ಟಿರಾಯರಿಗೂ ನಗು ಬಂತು. ಬೆಳಿಗ್ಗೆಯಿಂದ ಎದೆಯಲ್ಲಿ ಕೂತಿದ್ದದ್ದು ಕರಗಿ ಹೋಯಿತು. ಮಾವನಿಗೆ ನೋವಾಗಿಲ್ಲ. ಅದಕ್ಕಿಂತ ಇನ್ನೇನು ಬೇಕು?

"ಹಾಗಾದ್ರೆ ನಾಳೆ ಹೋಗಲ್ವಾ ಮಾವ?"

"ಇಲ್ಲ. ಅರ್ಧ ಗಂಟೆ ಹಿಂದೆ ಯಜಮಾನ್ರೇ ಫೋನ್ ಮಾಡಿದ್ರು. ಭಾರೀ ಖುಷೀಲಿದ್ರು. ಬಿಡ್ತೀನಿ ಅಂದೆ, ಇವತ್ತು ಒಪ್ಪಿದ್ರು." ಮಾವ ಟೀ ಲೋಟ ಕೆಳಗಿಟ್ಟರು. "ನಿಮ್ಮ ವಿಷಯಾನೂ ಬಂತು. ಆರಕ್ಕೂ ಹತ್ತಕ್ಕೆ ಹತ್ತು ಬಂದ ಮೇಲೆ ಇನ್ನು ರುಚಿ ನೋಡೋದೇನಿದೆ, ಅಳೆಯೋದೇನಿದೆ ಅಂದ್ರು. ಮಹಡಿ ಮೇಲಿನ ವಿಭಾಗ ನಾಳೆಯಿಂದ ನಿಲ್ಲುತ್ತಂತೆ."

ಪಟ್ಟಿರಾಯರು ಎದ್ದು ನಿಂತರು. "ಮಾವ, ಆ ವಿಭಾಗದಲ್ಲಿ ಇರೋದು ನಾನೊಬ್ಬನೇ."

"ಗೊತ್ತು. ಗಾಬರಿ ಆಗ್ಬೇಡಿ, ನಾನು ಮಾತಾಡಿದೀನಿ. ನನ್ನ ಜಾಗ ಖಾಲಿ ಇದೆಯಲ್ಲ, ಅಳಿಯಂದ್ರಿಗೆ ಕೊಡಿ ಅಂದೆ. ತಕ್ಷಣ ಹೂಂ ಅಂದ್ರು. ಬೆಳಿಗ್ಗೆ ಐದಕ್ಕೆ ಹೋಗ್ಬೇಕು. ಏಪ್ರನ್ನು ಅಲ್ಲೇ ಗೂಟದಲ್ಲಿದೆ."

"ನನಗೆ ಒಲೆ ಕೆಲಸದ ಗಂಧಗಾಳಿ ಇಲ್ಲ ಮಾವ!"

"ಇಲ್ದೆ ಏನು? ನೀವು ದಿನಾ ಮಾಡೋದೇ." ಮಾವ ಮತ್ತೆ ಕಾಲು ಚಾಚಿ, ಅಳಿಯನ ದಿಂಬನ್ನು ತಲೆಯ ಕೆಳಗೆ ಸರಿಮಾಡಿಕೊಂಡು, ಗೋಡೆಯ ಕಡೆ ತಿರುಗಿದರು. "ಅಡ್ಡಕ್ಕೆ ಆರು, ಉದ್ದಕ್ಕೆ ಹತ್ತು, ಮೇಲಕ್ಕೆ ಹನ್ನೆರಡು ತಟ್ಟೆ. ಮುಟ್ಟಿದ್ರೆ ಸುಡುತ್ತೆ, ಅಷ್ಟೇ ವ್ಯತ್ಯಾಸ."